ಕಾಗುಣಿತಕ್ಕೆ ಬಂದು ನಿಲ್ಲುವ ಅಕ್ಷರ ತರಗತಿ: ಮೂರನೇ ಸಲ ಶುರು ಮಾಡುವ ಮುನ್ನ

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ನಾನು. ಓದಿದ್ದು ಪಿಯುಸಿ, ಟೀಚರ್ ಅಲ್ಲ. ಸಂಘದಲ್ಲಿ 14 ಜನರಿಗೆ ಓದಲು ಬರುವುದಿಲ್ಲ. ವಯಸ್ಸು 32ರಿಂದ 60. ಸಹಿ ಮಾತ್ರ ಎಲ್ಲರಿಗೂ ಬರುತ್ತದೆ. ಎರಡು ಸಲ ರಾತ್ರಿ ತರಗತಿ ನಡೆಸಿದೆವು. ಸ್ವರ, ವ್ಯಂಜನ ಮುಗಿದವು, ಕಾಗುಣಿತಕ್ಕೆ ಬಂದಾಗ ಒಬ್ಬೊಬ್ಬರೇ ಬಿಟ್ಟರು. ‘ತಲಿಯಾಗ ನಿಲ್ಲವಲ್ದು’ ಅನ್ನುತ್ತಾರೆ. ಒಂದನೇ ತರಗತಿ ಪುಸ್ತಕ ಹಿಡಿದದ್ದು ತಪ್ಪಾಯಿತೇ? ಎಷ್ಟು ದಿನ ಬೇಕು? ಐವತ್ತು ದಾಟಿದವರಿಗೆ ಕಲಿಯಲು ಆಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ‘ತಲಿಯಾಗ ನಿಲ್ಲವಲ್ದು’ ಅನ್ನುವವರಲ್ಲಿ ಎಷ್ಟೋ ಜನರ ತೊಂದರೆ ತಲೆಯದಲ್ಲ, ಕಣ್ಣಿನದು. ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಸುಕಾಗುವುದು ಎಲ್ಲರಿಗೂ ಬರುವಂಥದ್ದು. ಓದುವ ಅಭ್ಯಾಸ ಇದ್ದವರು ಅದನ್ನು ತಕ್ಷಣ ಗುರುತಿಸಿ ಕನ್ನಡಕ ಮಾಡಿಸುತ್ತಾರೆ. ಪುಸ್ತಕವನ್ನೇ ಹಿಡಿಯದವರಿಗೆ ಅದು ಗೊತ್ತಾಗುವುದು ಸೂಜಿಗೆ ದಾರ ಪೋಣಿಸುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ. ಆಮೇಲೆ ಆ ಕೆಲಸ ಸೊಸೆಗೋ ಮೊಮ್ಮಗಳಿಗೋ ಹೋಗುತ್ತದೆ, ಕಣ್ಣಿನ ವಿಷಯ ಅಲ್ಲಿಗೆ ಮರೆತುಹೋಗುತ್ತದೆ. ಮಸುಕುಗಣ್ಣಿಗೆ ‘ವ’ ಮತ್ತು ‘ಮ’ ಒಂದೇ, ‘ದ’ ಮತ್ತು ‘ಧ’ ಒಂದೇ. ನೀವು ಎಷ್ಟು ಚೆನ್ನಾಗಿ ಕಲಿಸಿದರೂ ಅದು ನಿಲ್ಲುವುದಿಲ್ಲ.

ಹಾಗಾಗಿ ಬಳಪ ತರುವ ಮೊದಲು ಕಣ್ಣು ನೋಡಿ. ಹಗಲು ಬೆಳಕಿನಲ್ಲಿ, ಒಂದೂಕಾಲು ಅಡಿ ದೂರದಲ್ಲಿ ಸೂಜಿ ಮತ್ತು ದಾರ ಕೊಡಿ. ತೋಳು ಉದ್ದ ಚಾಚಿ ಪೋಣಿಸಲು ಹೋದವರನ್ನೆಲ್ಲ ಒಂದು ಪಟ್ಟಿ ಮಾಡಿ ತಾಲ್ಲೂಕು ಆಸ್ಪತ್ರೆಗೆ ಒಟ್ಟಿಗೇ ಕರೆದುಕೊಂಡು ಹೋಗಿ. ಒಬ್ಬೊಬ್ಬರೇ ಹೋಗಿ ಅಂದರೆ ಯಾರೂ ಹೋಗುವುದಿಲ್ಲ. ಓದುವ ಕನ್ನಡಕದ ನಂಬರು ನಲವತ್ತೈದರ ಹೊತ್ತಿಗೆ ಸಾಮಾನ್ಯವಾಗಿ ಪ್ಲಸ್ 1ರಿಂದ 1.5, ಅರವತ್ತರ ಹೊತ್ತಿಗೆ ಪ್ಲಸ್ 2.5ರ ಆಸುಪಾಸು ಇರುತ್ತದೆ. ಆದರೆ ಸಕ್ಕರೆ ಕಾಯಿಲೆ ಅಥವಾ ಪೊರೆ ಇದ್ದವರಿಗೆ ಸಂತೆಯ ಸಿದ್ಧ ಕನ್ನಡಕ ಹಾಕಿಸಬೇಡಿ, ಪರೀಕ್ಷೆ ಆಗಲಿ. ಕೋಣೆಯ ದೀಪವೂ ಮುಖ್ಯ. ಬಲ್ಬು ಓದುವವರ ಬೆನ್ನ ಹಿಂದೆ ಇದ್ದರೆ ಅವರ ನೆರಳೇ ಪಾಟಿಯ ಮೇಲೆ ಬೀಳುತ್ತದೆ. ಎಡ ಹೆಗಲಿನ ಕಡೆಯಿಂದ ಬೆಳಕು ಬರುವಂತೆ ಕೂರಿಸಿ.

ಇನ್ನು ಎರಡು ಸಲ ನಿಂತದ್ದರ ಕಾರಣ. ವಿಳಾಸ ಸರಿಯಾಗಿಯೇ ಕೊಟ್ಟಿದ್ದೀರಿ: ಕಾಗುಣಿತ. ಮಕ್ಕಳ ಶಾಲೆಯಲ್ಲಿ ‘ಕ ಕಾ ಕಿ ಕೀ’ ಅಂತ ಸಾಲು ಸಾಲಾಗಿ ಹಾಡಿಸುತ್ತೇವೆ. 34 ವ್ಯಂಜನಗಳಿಗೆ ಹನ್ನೆರಡು, ಹದಿಮೂರು ರೂಪ ಅಂದರೆ ನಾನೂರಕ್ಕೂ ಹೆಚ್ಚು ಆಕಾರ. ಮಗುವಿಗೆ ಮೂರು ವರ್ಷ ಸಮಯವಿದೆ. ನಿಮ್ಮ ಸಂಘದ ಹೆಂಗಸರಿಗೆ ರೊಟ್ಟಿ ಬಡಿದು, ಪಾತ್ರೆ ತೊಳೆದು ಉಳಿದ ಒಂದು ತಾಸು. ಅವರು ಸಾಲನ್ನು ಹಾಡಿ ಒಪ್ಪಿಸುತ್ತಾರೆ, ಯಾಕೆಂದರೆ ಅವರ ಬಾಯಿಪಾಠ ನಮ್ಮದಕ್ಕಿಂತ ಗಟ್ಟಿ. ಬೀಸುಕಲ್ಲಿನ ಪದ, ಸೋಬಾನೆ ರಾತ್ರಿಯಿಡೀ ಹಾಡುವವರು. ಆದರೆ ನಡುವಿನಿಂದ ‘ಕೇ’ ಒಂದನ್ನು ತೋರಿಸಿದರೆ ‘ಕ’ದಿಂದ ಹಾಡಿಕೊಂಡು ಬಂದು ಅಲ್ಲಿ ನಿಲ್ಲಬೇಕು. ಅದು ಓದಲ್ಲ. ಅದು ಅವರಿಗೂ ಗೊತ್ತು, ನಾಚಿಕೆಯಾಗಿ ಬಿಡುತ್ತಾರೆ.

ಒಂದನೇ ತರಗತಿಯ ಪುಸ್ತಕ ತಪ್ಪು ಅಂತಲ್ಲ, ಅದರ ಅಕ್ಷರ ಕ್ರಮದಲ್ಲಿ ಒಂದು ಜಾಣತನವಿದೆ. ‘ರ ಗ ಸ ದ ಅ’, ‘ಜ ವ ಮ ಬ ನ’ ಅಂತ ನಮ್ಮ ಶಾಲೆಗಳಲ್ಲಿ ಬಂದಿರುವ ಕ್ರಮ ವರ್ಣಮಾಲೆಯದಲ್ಲ, ಕೈಗೆ ಸುಲಭವಾದ ಆಕಾರಗಳದು. ಅದನ್ನು ಹಾಗೇ ಉಳಿಸಿಕೊಳ್ಳಿ. ಬಿಡಬೇಕಾದದ್ದು ‘ಆನೆ, ಇಲಿ, ಈಶ’ ಚಿತ್ರಗಳನ್ನು ಮತ್ತು ಮಕ್ಕಳ ದನಿಯನ್ನು. ಲೋಕ ಶಿಕ್ಷಣ ಇಲಾಖೆಯ ವಯಸ್ಕರ ಪ್ರೈಮರ್ (ಮೊದಲ ಓದಿನ ಪುಸ್ತಕ) ಜಿಲ್ಲಾ ಲೋಕ ಶಿಕ್ಷಣ ಸಮಿತಿಯಿಂದ ಸಿಗುತ್ತದೆ, ತರಿಸಿಕೊಳ್ಳಿ. ಅದರ ಜೊತೆಗೇ ಕೆಳಗಿನ ದಾರಿಯಲ್ಲಿ ನಡೆಯಬಹುದು.

ಹತ್ತು ಅಕ್ಷರ, ನಾಲ್ಕು ಗುರುತು

ಮೊದಲ ಮೂರು ವಾರ ಆ ಹತ್ತೇ ಅಕ್ಷರ. ಎರಡು ದಿನಕ್ಕೆ ಒಂದರಿಂದ ಎರಡು, ಅದಕ್ಕಿಂತ ಹೆಚ್ಚು ಬೇಡ. ಒಂಟಿ ಅಕ್ಷರವಾಗಿ ಯಾವುದನ್ನೂ ಕಲಿಸಬೇಡಿ. ಎರಡನೇ ದಿನದಿಂದಲೇ ಶಬ್ದ. ದರ, ಸರ, ರಸ, ಅಗಸ, ಗರಗಸ ಮೊದಲ ಐದರಿಂದ ಬರುತ್ತವೆ. ಮುಂದಿನ ಐದು ಸೇರಿದರೆ ದನ, ಜನ, ಮಗ, ಮರ, ಬರ, ವರ, ಸಮ, ಬಸವ. ಗಮನಿಸಿ, ಇವುಗಳಲ್ಲಿ ದರ, ದನ, ಬರ, ಮಗ ನಾಲ್ಕು ಮಾತು ನಿಮ್ಮ ಊರಿನ ಯಾವ ಹೆಂಗಸಿನ ಬಾಯಲ್ಲೂ ದಿನವೂ ಬರುವಂಥವು.

ನಾಲ್ಕನೇ ವಾರದಿಂದ ಕಾಗುಣಿತ, ಆದರೆ ಸಾಲಾಗಿ ಅಲ್ಲ, ಅಡ್ಡಡ್ಡವಾಗಿ. ಒಂದು ಗುರುತು ಹಿಡಿದು ಅದನ್ನು ಕಲಿತ ಎಲ್ಲ ಅಕ್ಷರಗಳಿಗೂ ಹಚ್ಚಿ. ಮೊದಲು ಇಳಿ: ದರ–ದಾರ, ಬರ–ಬಾರ, ವರ–ವಾರ, ದನ–ದಾನ, ಮನ–ಮಾನ, ನಗ–ನಾಗ. ಜೋಡಿಯಾಗಿ ಬರೆದು ಓದಿಸಿದರೆ ಆ ಒಂದು ಗೀಟು ಏನು ಮಾಡುತ್ತದೆ ಅನ್ನುವುದು ಕಿವಿಗೂ ಕಣ್ಣಿಗೂ ಒಟ್ಟಿಗೇ ಬೀಳುತ್ತದೆ. ಆಮೇಲೆ ಗುಡಿಸು: ಮರಿ, ಗರಿ, ನರಿ, ಸರಿ, ದನಿ. ನಿಮ್ಮ ಕಡೆ ‘ಮನಿ’ಯೂ ಇಲ್ಲೇ ಬಂದುಬಿಡುತ್ತದೆ. ಆಮೇಲೆ ಕೊಂಬು: ಮಗು, ಗುರು, ಸಾರು. ನಾಲ್ಕನೆಯದು ಸೊನ್ನೆ, ಅಂದರೆ ಅನುಸ್ವಾರ. ಪುಸ್ತಕಗಳು ಅದನ್ನು ‘ಅಂ ಅಃ’ ಅಂತ ಕೊನೆಗೆ ಇಡುತ್ತವೆ. ಆದರೆ ಗಂಡ, ತಂಗಿ, ಸಂತೆ, ಅಂಗಡಿ, ಗಂಟೆ, ಸಂಘ ಎಲ್ಲದರಲ್ಲೂ ಅದು ಇದೆ. ಅದನ್ನು ಮುಂದಕ್ಕೆ ತನ್ನಿ.

ಈಗ ಆರನೇ ವಾರದ ಕೊನೆಗೆ, ಹತ್ತೇ ಅಕ್ಷರ ನಾಲ್ಕೇ ಗುರುತಿನಲ್ಲಿ, ಈ ವಾಕ್ಯ ಬೋರ್ಡಿನ ಮೇಲೆ ಬರೆಯಬಹುದು:

ಬರ ಬಂದಾಗ ಅವರು ದನ ಮಾರಿದರು.

ಇದರಲ್ಲಿ ಕಲಿಯದ ಅಕ್ಷರ ಒಂದೂ ಇಲ್ಲ. ‘ಅವನ ಮಗ ಜಾಗ ಮಾರಿದ’, ‘ಬಸವ ಗರಗಸ ಮಾರಿದ’ ಇನ್ನೆರಡು. ದೊಡ್ಡವರ ಬದುಕಿನ ಮಾತು ಒಂದೂವರೆ ತಿಂಗಳಲ್ಲಿ ತಾವೇ ಓದಿದರೆ ಬಿಟ್ಟುಹೋಗುವುದು ಕಡಿಮೆಯಾಗುತ್ತದೆ. ಓದಿದ ಮೇಲೆ ಹತ್ತು ನಿಮಿಷ ಅದರ ಬಗ್ಗೆಯೇ ಮಾತು ಬಿಡಿ: ಯಾವ ವರ್ಷ, ಎಷ್ಟಕ್ಕೆ ಮಾರಿದರು, ಯಾರು ತೀರ್ಮಾನ ಮಾಡಿದರು. ಪಾಠದ ವಿಷಯಕ್ಕೆ ಎಂಥ ಬಲ ಇದೆ ಅನ್ನುವುದಕ್ಕೆ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಸಾಕ್ಷಿ. ಅಲ್ಲಿ ಸಾಕ್ಷರತಾ ತರಗತಿಯಲ್ಲಿ ಸಾರಾಯಿಯ ಕುರಿತ ಪಾಠ ಓದಿ ಚರ್ಚಿಸಿದ ಹೆಂಗಸರು ಊರಿನ ಸಾರಾಯಿ ಅಂಗಡಿಯನ್ನೇ ನಿಲ್ಲಿಸಿದರು. 1992ರಲ್ಲಿ ಅದು ಜಿಲ್ಲೆಯೆಲ್ಲ ಹಬ್ಬಿ, ಮರುವರ್ಷ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು.

ಉಳಿದ ಗುರುತುಗಳಲ್ಲಿ ಒಂದು ಉಳಿತಾಯವಿದೆ, ಕಲಿಸುವವರು ಹೆಚ್ಚಾಗಿ ಅದನ್ನು ಬಳಸಿಕೊಳ್ಳುವುದಿಲ್ಲ. ಎತ್ವ (ಕೆ) ಕಲಿಸಿದ ಮೇಲೆ ಒತ್ವ (ಕೊ) ಹೊಸದಲ್ಲ: ಎತ್ವಕ್ಕೆ ಕೊಂಬಿನ ಇಳಿ (‘ಕೂ’ನಲ್ಲಿರುವ ಗುರುತು) ಸೇರಿಸಿದರೆ ಅದೇ. ಪಕ್ಕಕ್ಕೆ ಬರೆಯುವ ದೀರ್ಘದ ಗುರುತು ಒಂದನ್ನು ಕಲಿಸಿಬಿಟ್ಟರೆ ಕಿ–ಕೀ, ಕೆ–ಕೇ, ಕೊ–ಕೋ ಮೂರೂ ಒಂದೇ ದಿನ ಆಗುತ್ತವೆ. ಹೀಗೆ ನಾನೂರು ಆಕಾರ ಅಂತ ಹೆದರಿಸಿದ್ದು ಎಂಟು ಹತ್ತು ಗುರುತಿಗೆ ಇಳಿಯುತ್ತದೆ. ವಟ್ರಸುಳಿಗೆ (ಕೃ) ಅವಸರವಿಲ್ಲ. ಒಂದು ಕಡೆ ಎಚ್ಚರ: ಪ, ವ ಅಕ್ಷರಗಳಿಗೆ ಕೊಂಬು ಹತ್ತುವ ಜಾಗ ಬೇರೆ. ಹಾಗಾಗಿ ‘ವು’ ಕಂಡರೆ ‘ಮ’ ಅಂತ ಓದುತ್ತಾರೆ. ‘ಮಾವು, ಹಾವು, ನಾವು’ ಮತ್ತು ‘ಮಾಮ, ನಾಮ’ ಪಕ್ಕಪಕ್ಕ ಇಟ್ಟು ಒಂದು ಪೂರ್ತಿ ದಿನ ಅದಕ್ಕೇ ಕೊಡಿ.

ಮಹಾಪ್ರಾಣಗಳು (ಖ ಘ ಛ ಝ ಠ ಢ ಥ ಧ ಫ ಭ) ಕೊನೆಯ ತಿಂಗಳಿಗೆ ಇರಲಿ. ಮಾತಿನಲ್ಲಿ ‘ದನ’ಕ್ಕೂ ‘ಧನ’ಕ್ಕೂ ವ್ಯತ್ಯಾಸ ಮಾಡದವರ ಕಿವಿಗೆ ಎರಡು ಅಕ್ಷರ ಯಾಕೆ ಬೇಕು ಅನ್ನುವುದೇ ತಿಳಿಯುವುದಿಲ್ಲ. ಅಷ್ಟರಲ್ಲಿ ‘ಸಂಘ’, ‘ಆಧಾರ್’ ಬೇಕೇ ಬೇಕಲ್ಲ, ಅವನ್ನು ಇಡೀ ಶಬ್ದವಾಗಿ, ಚಿತ್ರದ ಹಾಗೆ ಗುರುತಿಸಲು ಕಲಿಸಿ ಸಾಕು. ಙ, ಞ ಇಲ್ಲದೆಯೇ ಅವರ ಓದು ನಡೆಯುತ್ತದೆ.

ಒತ್ತಕ್ಷರವನ್ನು ಮಾತ್ರ ಕೊನೆಗೆ ಇಡುವ ಹಾಗಿಲ್ಲ. ಅಕ್ಕ, ಅಣ್ಣ, ಅಕ್ಕಿ, ಉಪ್ಪು, ಬೆಲ್ಲ, ರೊಟ್ಟಿ, ಎಮ್ಮೆ, ಹತ್ತಿ: ಮನೆಯೊಳಗಿನ ಕನ್ನಡವೆಲ್ಲ ಒತ್ತಿನದೇ. ಅವರ ಹೆಸರುಗಳೂ ಹಾಗೇ. ನಿಮ್ಮ ಕಡೆ ‘ಅವ್ವ’ದಿಂದ ಶುರು ಮಾಡಿದರೆ ಶಾಂತವ್ವ, ನೀಲವ್ವ ಎಲ್ಲರ ಹೆಸರಿನ ಬಾಲ ಬಂದಂತೆ, ಹುಲಿಗೆಮ್ಮನಿಗಾಗಿ ‘ಅಮ್ಮ’. ಕ್ಕ, ಪ್ಪ, ದ್ದ, ಟ್ಟ ಥರದವುಗಳಲ್ಲಿ ಕೆಳಗಿನ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ, ತಲಕಟ್ಟು ಮಾತ್ರ ಇರುವುದಿಲ್ಲ. ಇವು ಬೇಗ ಬರುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಬೇರೆಯೇ ಆಕಾರ. ಇವುಗಳಿಗೆ ತಲಾ ಎರಡು ದಿನ ಕೊಡಿ. ಕೊನೆಗೆ ಅರ್ಕಾವೊತ್ತು. ‘ಖರ್ಚು’, ‘ವರ್ಷ’, ‘ಅರ್ಜಿ’ಗಳಲ್ಲಿ ಮೊದಲು ಉಚ್ಚರಿಸುವ ರ್ ಬರಹದಲ್ಲಿ ಹಿಂದೆ ಬೀಳುತ್ತದೆ. ‘ಖಚುರ್’ ಅಂತ ಓದಿದರೆ ನಗಬೇಡಿ, ತಪ್ಪು ಅವರದಲ್ಲ.

ಮಾತು ಒಂದು, ಪುಸ್ತಕ ಒಂದು

‘ಮನಿ ಮುಂದ ಬೇವಿನ ಗಿಡ ಐತಿ’ ಅನ್ನುವವರಿಗೆ ‘ಮನೆಯ ಮುಂದೆ ಬೇವಿನ ಮರವಿದೆ’ ಅಂತ ಓದಿಸಿದರೆ ಎರಡು ಹೊರೆ: ಅಕ್ಷರ ಬಿಡಿಸಬೇಕು, ಬಂದ ಮಾತು ತಮ್ಮದಲ್ಲ ಅನ್ನುವ ಅನುಮಾನವನ್ನೂ ಗೆಲ್ಲಬೇಕು. ವಾರಕ್ಕೆರಡು ಸಲ ಹೀಗೆ ಮಾಡಿ. ಒಬ್ಬರು ಇವತ್ತಿನ ಒಂದು ಸಂಗತಿ ಮೂರು ವಾಕ್ಯದಲ್ಲಿ ಹೇಳಲಿ. ನೀವು ಅವರು ಹೇಳಿದ ಹಾಗೇ, ತಿದ್ದದೆ, ಎರಡಿಂಚು ಎತ್ತರದ ಅಕ್ಷರದಲ್ಲಿ ಚಾರ್ಟ್ ಮೇಲೆ ಬರೆಯಿರಿ. ಎಲ್ಲರೂ ಓದಲಿ. ಏನು ಬರೆದಿದೆ ಅನ್ನುವುದು ಗೊತ್ತಿರುವುದರಿಂದ ಕಣ್ಣಿಗೆ ಅಕ್ಷರದ ಕಡೆ ಗಮನ ಕೊಡಲು ಪುರಸೊತ್ತು ಸಿಗುತ್ತದೆ. ಮೂರನೇ ತಿಂಗಳಿಂದ ಅದರ ಪಕ್ಕದಲ್ಲೇ ಪುಸ್ತಕದ ರೂಪ ಬರೆದು ತೋರಿಸಿ: ಐತಿ–ಇದೆ, ಮುಂದ–ಮುಂದೆ. ‘ಇದು ಸರಿ, ಅದು ತಪ್ಪು’ ಅನ್ನಬೇಡಿ. ಇದು ಕಾಗದದ ಮಾತು, ಅದು ಮನೆಯ ಮಾತು.

ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ‘ಹ’ಕಾರ ಮಾತಿನಲ್ಲಿ ಉದುರುತ್ತದೆ: ‘ಆಲು’, ‘ಅಣ’. ಅಲ್ಲಿ ‘ಹ’ ಕಲಿಸಿದ ಮರುದಿನವೇ ‘ಅಕ್ಕಿ’ಯನ್ನು ‘ಹಕ್ಕಿ’ ಅಂತ ಬರೆಯುವುದು ಶುರುವಾಗುತ್ತದೆ. ಇದು ದಡ್ಡತನವಲ್ಲ, ನಿಯಮ ಹುಡುಕುವ ಬುದ್ಧಿ. ಲಂಬಾಣಿ ತಾಂಡಾಗಳಲ್ಲಿ, ಉರ್ದು ಮಾತಾಡುವ ಮನೆಗಳಲ್ಲಿ ಕನ್ನಡವೇ ಎರಡನೇ ಭಾಷೆ. ಅಲ್ಲಿ ಮೊದಲ ತಿಂಗಳ ಶಬ್ದಗಳನ್ನು ಅವರ ಮನೆಮಾತಿನಿಂದಲೇ ಆರಿಸಿ ಕನ್ನಡ ಲಿಪಿಯಲ್ಲಿ ಬರೆಸಿದರೆ ಲಿಪಿ ಬೇಗ ಹತ್ತುತ್ತದೆ. ಭಾಷೆ, ಲಿಪಿ ಎರಡನ್ನೂ ಒಮ್ಮೆಗೇ ಹೇರಬೇಡಿ.

ಕೈಯ ವಿಷಯ. ಕುಡಗೋಲು, ಸಲಿಕೆ ಹಿಡಿದ ಕೈ ಬಳಪವನ್ನೂ ಮುಷ್ಟಿಯಲ್ಲಿ ಹಿಡಿಯುತ್ತದೆ, ಹತ್ತು ನಿಮಿಷದಲ್ಲಿ ಮಣಿಕಟ್ಟು ನೋಯುತ್ತದೆ. ಅದಕ್ಕೆ ನೇರ ನೋಟ್‌ಬುಕ್ಕಿಗೆ ಹೋಗಬೇಡಿ. ಕನ್ನಡದ ಅಕ್ಷರಗಳೆಲ್ಲ ದುಂಡು. ದಿನವೂ ರಂಗೋಲಿ ಎಳೆಯುವ ಬೆರಳಿಗೆ ಆ ತಿರುವುಗಳು ಹೊಸವಲ್ಲ. ಮೊದಲ ವಾರ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಂಗೈಯಗಲದ ‘ರ’, ‘ಗ’, ‘ಸ’ ಎಳೆಸಿ. ಎರಡನೇ ವಾರ ಪಾಟಿ ಮತ್ತು ಬಳಪ, ಅಕ್ಷರ ಎರಡಿಂಚು. ನಾಲ್ಕನೇ ವಾರ ಪೆನ್ಸಿಲ್, ಎರಡು ಗೆರೆಯ ಜಾಗದಲ್ಲಿ ಒಂದು ಅಕ್ಷರ. ಪೆನ್ನು ಇನ್ನೂ ತಡವಾಗಿ. ಕೈ ಹಿಡಿದು ತಿದ್ದಿಸುವುದು ಒಂದೆರಡು ಸಲ ಸಾಕು. ಅದೇ ಅಭ್ಯಾಸವಾದರೆ ಕೈ ನಿಮ್ಮದು, ಅಕ್ಷರವೂ ನಿಮ್ಮದೇ.

ಸಾಮಾನು ಹೆಚ್ಚು ಬೇಡ. 14 ಪಾಟಿ, ಎರಡು ಪೆಟ್ಟಿಗೆ ಬಳಪ, ಒಂದು ಕರಿಹಲಗೆ, ಕಪ್ಪು ಸ್ಕೆಚ್ ಪೆನ್ನು, ನಾಲ್ಕು ಚಾರ್ಟ್ ಶೀಟು. 22×28 ಇಂಚಿನ ಒಂದು ಶೀಟನ್ನು 4×5.5 ಇಂಚಿಗೆ ಕತ್ತರಿಸಿದರೆ 28 ಕಾರ್ಡು. ನಾಲ್ಕು ಶೀಟಿಗೆ 112. ಕಲಿತ ಶಬ್ದಗಳೆಲ್ಲ ಈ ಕಾರ್ಡುಗಳಲ್ಲಿ ಸೇರುತ್ತ ಹೋಗಲಿ, ಚಿತ್ರ ಬೇಡ. ಚಿತ್ರ ಇದ್ದರೆ ಕಣ್ಣು ಚಿತ್ರವನ್ನೇ ಓದುತ್ತದೆ.

ಎಷ್ಟು ದಿನ?

1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಮೂರು ಪ್ರೈಮರ್‌ಗಳಿಗೆ ಒಟ್ಟು 200 ಗಂಟೆ ಅಂತ ಇಟ್ಟಿತ್ತು, ಹತ್ತು ಕಲಿಕಾರ್ಥಿಗಳಿಗೆ ಒಬ್ಬ ಸ್ವಯಂಸೇವಕರು. 2009ರ ಸಾಕ್ಷರ ಭಾರತ ಕಾರ್ಯಕ್ರಮದ ಹೊತ್ತಿಗೆ ಅದು 300 ಗಂಟೆಯಾಯಿತು. ಕೇಂದ್ರ ಸರ್ಕಾರದ ಈಗಿನ ವಯಸ್ಕರ ಸಾಕ್ಷರತಾ ಕಾರ್ಯಕ್ರಮ ಉಲ್ಲಾಸ್ ಮತ್ತೆ 200 ಅನ್ನುತ್ತದೆ. ನಿಮ್ಮ ಲೆಕ್ಕಕ್ಕೆ ಬನ್ನಿ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂಕಾಲು ಗಂಟೆ ಅಂದರೆ ವಾರಕ್ಕೆ 6.25 ಗಂಟೆ, 200 ಗಂಟೆಗೆ 32 ವಾರ. ಆದರೆ ಯಾರೂ ಎಲ್ಲ ದಿನ ಬರುವುದಿಲ್ಲ. ಮೂರರಲ್ಲಿ ಎರಡು ದಿನ ಬಂದರೆ ಅದೇ 200 ಗಂಟೆಗೆ 48 ವಾರ. ಒಂದು ವರ್ಷ ಅಂತಲೇ ಹೇಳಿ ಶುರು ಮಾಡಿ. ‘ಮೂರು ತಿಂಗಳಲ್ಲಿ ಓದು’ ಅಂತ ಹೇಳಿ ಶುರು ಮಾಡಿದ್ದರೆ, ನಾಲ್ಕನೇ ತಿಂಗಳಿಗೆ ಅವರಿಗೆ ತಾವು ಸೋತೆವು ಅನ್ನಿಸುವುದು ಸಹಜ.

14 ಜನ ಒಬ್ಬರಿಗೆ ಹೆಚ್ಚು. ಏಳನೇ ಇಯತ್ತೆ ಓದಿದ ಸೊಸೆಯೊಬ್ಬಳನ್ನೋ ಹೈಸ್ಕೂಲು ಹುಡುಗಿಯನ್ನೋ ಜೊತೆಗೆ ಹಾಕಿಕೊಳ್ಳಿ, ಆದರೆ ಅತ್ತೆ ಸೊಸೆ ಒಂದೇ ಗುಂಪಿನಲ್ಲಿ ಬೇಡ. ಜೂನ್–ಜುಲೈ ಬಿತ್ತನೆಗೆ, ಶೇಂಗಾ ಕೀಳುವ ಹೊತ್ತಿಗೆ, ಹಿಂಗಾರಿ ಜೋಳದ ಸುಗ್ಗಿಗೆ ರಜೆಯನ್ನು ನೀವೇ ಮೊದಲು ಸಾರಿಬಿಡಿ. ತಾನಾಗಿ ನಿಂತ ತರಗತಿ ಮತ್ತೆ ಕೂಡುವುದಿಲ್ಲ, ತಾರೀಕು ಹೇಳಿ ನಿಲ್ಲಿಸಿದ್ದು ಕೂಡುತ್ತದೆ. ಗುಳೆ ಹೋಗುವವರ ಕೈಯಲ್ಲಿ ಕಲಿತ ಕಾರ್ಡುಗಳ ಒಂದು ಕಟ್ಟು ಕಳಿಸಿ.

ಜಾಗ ಆರಿಸುವಾಗ ಗುಡಿಯ ಕಟ್ಟೆ ಬೇಡ. ಕೇರಿಯವರು, ಮುಟ್ಟಾದವರು ಬರಲು ಹಿಂಜರಿಯುವ ಜಾಗದಲ್ಲಿ ಹಾಜರಾತಿ ತನ್ನಿಂತಾನೇ ಅರ್ಧವಾಗುತ್ತದೆ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆಯ ಬೆಂಚೂ ಬೇಡ. ಸಂಘದ ಕೋಣೆ, ಸಮುದಾಯ ಭವನ ಆಗಬಹುದು.

ಒಂದು ದಿನದ ಒಂದೂಕಾಲು ಗಂಟೆ ಹೀಗೆ ಹೋಗಲಿ: ಹಳೆಯ ಕಾರ್ಡು ಹತ್ತು ನಿಮಿಷ, ಇವತ್ತಿನ ಮಾತು ಮತ್ತು ಹೊಸ ಗುರುತು ಇಪ್ಪತ್ತೈದು, ಬರೆಯುವುದು ಹದಿನೈದು, ಲೆಕ್ಕ ಹದಿನೈದು, ಜೋಡಿಯಾಗಿ ಓದು ಹತ್ತು. ಕೊನೆಯ ಹತ್ತು ನಿಮಿಷವೇ ಎಲ್ಲರೂ ಬಿಟ್ಟುಬಿಡುವ ಭಾಗ. ಇಡೀ ತರಗತಿ ನಿಂತಿರುವುದು ಅದರ ಮೇಲೆ.

ಯಾಕೆ ಅಂದರೆ, ಅಕ್ಷರ ಗುರುತಿಸುವುದು ಓದಲ್ಲ. ‘ಮಾ… ರಿ… ದ… ರು’ ಅಂತ ಒಂದೊಂದಕ್ಕೆ ಮೂರು ಸೆಕೆಂಡು ತೆಗೆದುಕೊಂಡರೆ ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲಿನದು ಮನಸ್ಸಿನಿಂದ ಜಾರಿರುತ್ತದೆ. ಕನ್ನಡದಲ್ಲಿ ಇದು ಇನ್ನೂ ಕಷ್ಟ, ಕ್ರಿಯಾಪದ ಬರುವುದೇ ವಾಕ್ಯದ ತುದಿಗೆ. ಅಲ್ಲಿಯವರೆಗೆ ಎಲ್ಲವನ್ನೂ ಹಿಡಿದಿಟ್ಟುಕೊಂಡರೆ ಮಾತ್ರ ಅರ್ಥ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಕಲಿತ ಎಷ್ಟೋ ಹೆಂಗಸರು ಮತ್ತೆ ಹೆಬ್ಬೆಟ್ಟಿಗೆ ಮರಳಿದ್ದು ಮುಖ್ಯವಾಗಿ ಹೀಗೆ. ಅಕ್ಷರ ಬಂತು, ವೇಗ ಬರುವ ಮೊದಲೇ ತರಗತಿ ಮುಗಿಯಿತು. ನಿಧಾನದ ಓದು ಸುಸ್ತು ಮಾಡುತ್ತದೆ. ಸುಸ್ತಾದವರು ಓದುವುದಿಲ್ಲ, ಓದದವರು ಮರೆಯುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮೀಣ ಮಹಿಳೆಯರ ಸಾಕ್ಷರತೆ ಶೇ. 59.71. ಇದರಲ್ಲಿ ಹೀಗೆ ಮರೆತವರನ್ನು ಬೇರೆ ಮಾಡಿ ತೋರಿಸುವ ಕಾಲಂ ಇಲ್ಲ.

ಸಾಕ್ಷರತಾ ಮಿಷನ್ನಿನ ಮಾನದಂಡ ಗಟ್ಟಿಯಾಗಿ ಓದುವಾಗ ನಿಮಿಷಕ್ಕೆ 30 ಶಬ್ದ. ಕನ್ನಡದ ಶಬ್ದ ‘ಮರ’ವೂ ಆಗಬಹುದು, ‘ಕೊಡಬೇಕಾಗಿತ್ತು’ ಕೂಡ ಆಗಬಹುದು. ಅದಕ್ಕೆ ಶಬ್ದ ಎಣಿಸಬೇಡಿ, ಅಕ್ಷರ ಎಣಿಸಿ. ಮೂರು ಅಕ್ಷರದ ಶಬ್ದ ಅಂತ ಹಿಡಿದರೆ 30 ಶಬ್ದಕ್ಕೆ 90 ಅಕ್ಷರ. ಮೂರು ತಿಂಗಳಿಗೆ ನಿಮಿಷಕ್ಕೆ 25–30, ಆರು ತಿಂಗಳಿಗೆ 50, ವರ್ಷಕ್ಕೆ 90 ಅನ್ನುವುದು ಸಾಧಿಸಬಹುದಾದ ಗುರಿ. ಶನಿವಾರಕ್ಕೊಮ್ಮೆ ಮೊಬೈಲಿನ ಗಡಿಯಾರ ಇಟ್ಟು ಒಂದು ನಿಮಿಷ ಓದಿಸಿ. ಒಬ್ಬೊಬ್ಬರನ್ನೇ, ಪಕ್ಕಕ್ಕೆ ಕರೆದು. ಅವರ ಸಂಖ್ಯೆ ಅವರಿಗೆ ಮಾತ್ರ ಗೊತ್ತಿರಲಿ, ಹೋಲಿಕೆ ಕಳೆದ ವಾರದ ತಮ್ಮ ಜೊತೆಗೇ.

ವೇಗ ಬರುವುದು ಹೊಸ ಪಾಠದಿಂದಲ್ಲ, ಒಂದೇ ಪಾಠವನ್ನು ನಾಲ್ಕು ಸಲ ಓದುವುದರಿಂದ. ಮೊದಲು ನೀವು ಬೆರಳಿಟ್ಟು ಓದಿ, ಆಮೇಲೆ ಎಲ್ಲರೂ ಒಟ್ಟಿಗೆ, ಆಮೇಲೆ ಇಬ್ಬಿಬ್ಬರು, ಕೊನೆಗೆ ಒಬ್ಬರೇ. ಇಲ್ಲಿ ಅವರ ಬಾಯಿಪಾಠದ ಶಕ್ತಿಯೇ ಮೋಸ ಮಾಡುತ್ತದೆ. ಮೂರನೇ ಸಲಕ್ಕೆ ಪಾಠ ಪೂರ್ತಿ ನೆನಪಿಗೆ ಹೋಗಿ, ಕಣ್ಣು ಎಲ್ಲೋ ಇದ್ದರೂ ಬಾಯಿ ಸರಿಯಾಗಿ ಹೇಳುತ್ತಿರುತ್ತದೆ. ಪತ್ತೆ ಹಚ್ಚುವುದು ಸುಲಭ: ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ, ಅಥವಾ ನಡುವಿನ ಒಂದು ಶಬ್ದದ ಮೇಲೆ ಬೆರಳಿಡಿ. ಅಕ್ಷರಗಳನ್ನು ಬಿಡಿ ಬಿಡಿಯಾಗಿ ಹೇಳಿ ಕೂಡಿಸಲು ಆಗದವರಿಗೆ ಹಾಡಿನಂತೆ ಎಳೆದು, ಉಸಿರು ಬಿಡದೆ ಹೇಳಲು ತಿಳಿಸಿ: ‘ಮಾಆರಿದರು’. ನಿಲ್ಲಿಸಿದರೆ ಕೂಡುವುದಿಲ್ಲ.

ಲೆಕ್ಕದಲ್ಲಿ ನೀವು ಕಲಿಸುವುದಕ್ಕಿಂತ ಅವರೇ ನಿಮಗೆ ಕಲಿಸುವುದು ಹೆಚ್ಚಿದೆ. ಸಂತೆಯಲ್ಲಿ ಕಾಲು, ಅರ್ಧ, ಮುಕ್ಕಾಲು ಕಿಲೋಗೆ ಬಾಯಲ್ಲೇ ದುಡ್ಡು ಹೇಳುತ್ತಾರೆ. ನೂರಕ್ಕೆ ಎರಡರಂತೆ ಐದು ಸಾವಿರಕ್ಕೆ ತಿಂಗಳ ಬಡ್ಡಿ ನೂರು ಅನ್ನಲು ಯಾರಿಗೂ ಕಾಗದ ಬೇಡ. ಎಡವುವುದು ಬರಹದಲ್ಲಿ. ‘ನೂರಾ ಐದು’ ಅಂದರೆ 1005 ಬರೆಯುತ್ತಾರೆ, ಕೇಳಿದ್ದನ್ನು ಕೇಳಿದ ಹಾಗೇ. ನೆಲದ ಮೇಲೆ ಮೂರು ಮನೆ ಗೀರಿ ನೂರು ರೂಪಾಯಿ ನೋಟು, ಹತ್ತರ ನೋಟು, ಒಂದರ ನಾಣ್ಯ ಇಡಿಸಿ. ಹತ್ತರ ಮನೆ ಖಾಲಿ ಇದ್ದಾಗ ಅಲ್ಲಿ ಸೊನ್ನೆ ಇಡದಿದ್ದರೆ ಏನಾಗುತ್ತದೆ ಅನ್ನುವುದನ್ನು ಅವರೇ ಹೇಳುತ್ತಾರೆ. ಕನ್ನಡದ ‘ನಲವತ್ತೇಳು’ ಬರೆಯುವ ಕ್ರಮದಲ್ಲೇ ಇದೆ. ಉರ್ದುವಿನ ‘ಸೈಂತಾಲೀಸ್’ನಲ್ಲಿ ಏಳು ಮುಂದೆ ಬರುವುದರಿಂದ ಆ ಮನೆಯವರು 74 ಬರೆಯಬಹುದು. ಅಂಕಿಗಳನ್ನು ಪಾಸ್‌ಬುಕ್, ನೋಟು, ಮೊಬೈಲಿನಲ್ಲಿ ಇರುವ 1, 2, 3ರ ರೂಪದಲ್ಲೇ ಮೊದಲು ಕಲಿಸಿ. ಕನ್ನಡ ಅಂಕಿ ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ೨, ೬, ೯ರಲ್ಲಿ ಗೋಜಲಾಗುತ್ತದೆ. ಗುರಿ ಸ್ಪಷ್ಟ ಇರಲಿ: ಪಾಸ್‌ಬುಕ್ಕಿನಲ್ಲಿ ತಾರೀಕು, ಜಮೆ, ತೆಗೆದದ್ದು, ಉಳಿಕೆ ಈ ನಾಲ್ಕು ಕಾಲಂ ಓದಬೇಕು, ಗೃಹಲಕ್ಷ್ಮಿಯ 2,000 ಬಂದಿದೆಯೋ ಇಲ್ಲವೋ ತಾವೇ ಹೇಳಬೇಕು.

ಸಹಿಯ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಸಂಘದಲ್ಲಿ ಎಲ್ಲರಿಗೂ ಸಹಿ ಬರುತ್ತದೆ ಅಂತ ಬರೆದಿದ್ದೀರಿ. ಹೆಬ್ಬೆಟ್ಟು ಒತ್ತುವವರಿಗೆ ಕಾಗದ ಓದಿ ಹೇಳಬೇಕು, ಸಾಕ್ಷಿ ಬೇಕು ಅನ್ನುವ ರೂಢಿಯಾದರೂ ಇದೆ. ಸಹಿ ಹಾಕಿದವರಿಗೆ ಓದಿ ಹೇಳುವವರು ಯಾರೂ ಇಲ್ಲ, ಓದಿಯೇ ಹಾಕಿದ್ದಾರೆ ಅಂತ ಲೆಕ್ಕ. ಚಿತ್ರದಂತೆ ಕಲಿತ ಸಹಿ ಸಾಲದ ಅರ್ಜಿಯ ಮುಂದೆ ಹೆಬ್ಬೆಟ್ಟಿಗಿಂತ ಅಪಾಯ. ಓದು ಬರುವ ತನಕ ‘ಓದಿ ಹೇಳಿ, ಆಮೇಲೆ ಹಾಕುತ್ತೇನೆ’ ಅನ್ನುವ ಮಾತನ್ನು ತರಗತಿಯಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸಿ. ‘ಸಾಲ, ಬಡ್ಡಿ, ಕಂತು, ಜಾಮೀನು, ಒಟ್ಟು’ ಈ ಐದು ಶಬ್ದ ಎಲ್ಲಿದ್ದರೂ ಗುರುತಿಸುವಂತೆ ಕಾರ್ಡು ಮಾಡಿ. ಇಡೀ ಶಬ್ದವಾಗಿಯೇ, ಮೊದಲ ತಿಂಗಳಲ್ಲೇ.

ಹಳ್ಳಿ ಹೆಂಗಸರನ್ನು ಸಂಘಟಿಸುವ ಸರ್ಕಾರಿ ಕಾರ್ಯಕ್ರಮವಾದ ಮಹಿಳಾ ಸಮಖ್ಯಾ 1989ರಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಸಂಘ ಕಟ್ಟಲು ಹೊರಟಾಗ ಅಕ್ಷರವನ್ನು ಮೊದಲ ಕೆಲಸ ಮಾಡಿಕೊಳ್ಳಲಿಲ್ಲ. ನೀರು, ಕೂಲಿ, ಆರೋಗ್ಯ ಮೊದಲು. ಅರ್ಜಿ ಬರೆಯುವ, ಲೆಕ್ಕ ನೋಡುವ ಕೆಲಸ ಬಂದಾಗ ಅಕ್ಷರ ಬೇಕು ಅನ್ನುವ ಮಾತು ಸಂಘದೊಳಗಿನಿಂದ ಬರಲಿ ಅನ್ನುವುದು ಅದರ ನಿಲುವು. ನಿಮ್ಮಲ್ಲಿ ಆ ಕೆಲಸ ಈಗಾಗಲೇ ಇದೆ. ಸಂಘದ ಪುಸ್ತಕ ನೀವೊಬ್ಬರೇ ಬರೆಯುವುದನ್ನು ನಿಲ್ಲಿಸಿ. ನಾಲ್ಕನೇ ತಿಂಗಳಿಂದ ಹಾಜರಿ ಕರೆಯುವುದು ಒಬ್ಬರು, ಉಳಿತಾಯದ ಮೊತ್ತ ಬರೆಯುವುದು ಇನ್ನೊಬ್ಬರು, ವಾರ ವಾರ ಬದಲಾಗಲಿ. ಗೋಡೆಗೆ ವಾರಕ್ಕೊಂದು ಹಾಳೆ ಹಚ್ಚಿ: ನೀರು ಬಿಡುವ ಹೊತ್ತು, ಈರುಳ್ಳಿ ದರ, ಲಸಿಕೆ ದಿನ, ಎಂಟು ಹತ್ತು ಸಾಲು. ಪಂಚಾಯಿತಿಯ ಅರಿವು ಕೇಂದ್ರದಿಂದ (ಗ್ರಂಥಾಲಯದಿಂದ) ದಪ್ಪ ಅಕ್ಷರದ ಮಕ್ಕಳ ಕಥೆ ಪುಸ್ತಕಗಳನ್ನು ಐದನೇ ತಿಂಗಳ ಮೇಲೆ ತನ್ನಿ. ಮೊಬೈಲಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಟ್ಟು, ಮಕ್ಕಳ ಹೆಸರನ್ನು ಅವರಿಂದಲೇ ಹುಡುಕಿಸಿ ಕರೆ ಮಾಡಿಸಿ.

ಉಲ್ಲಾಸ್ ಪರೀಕ್ಷೆ ಬರೆಸಬಹುದು. ಹದಿನೈದು ವರ್ಷ ದಾಟಿದ ಯಾರಾದರೂ ಬರೆಯಬಹುದು. ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕ, ಕನ್ನಡದಲ್ಲೇ. ಆದರೆ ಪರೀಕ್ಷೆಯ ತಾರೀಕಿಗೆ ತರಗತಿಯನ್ನು ಓಡಿಸಬೇಡಿ, ಮತ್ತು ಪ್ರಮಾಣಪತ್ರ ಬಂದ ದಿನ ತರಗತಿ ಮುಚ್ಚಬೇಡಿ. ಶನಿವಾರದ ಒಂದು ನಿಮಿಷದ ಓದಿನಲ್ಲಿ 90 ದಾಟದವರಿಗೆ ವಾರಕ್ಕೆ ಎರಡು ದಿನವಾದರೂ ಮುಂದುವರಿಯಲಿ.

ಅರವತ್ತರವರ ವಿಷಯ ಕೊನೆಗೂ ಉಳಿಯಿತು. ಅವರಿಗೆ ಹೊಸ ಗುರುತು ಹತ್ತಲು ಇನ್ನಷ್ಟು ಸಲ ಬೇಕಾಗುತ್ತದೆ, ಅಷ್ಟೇ. ಹೊಸದನ್ನು ಕಲಿಸಿದ ದಿನ, ಮರುದಿನ, ನಾಲ್ಕನೇ ದಿನ, ಹತ್ತನೇ ದಿನ ಹೀಗೆ ನಾಲ್ಕು ಸಲ ಅದೇ ಕಾರ್ಡು ಅವರ ಕೈಗೆ ಬರಲಿ. ದೀಪದ ಹತ್ತಿರದ ಜಾಗ ಅವರದು, ಕನ್ನಡಕ ತರಗತಿಯಲ್ಲೇ ಒಂದು ಡಬ್ಬಿಯಲ್ಲಿ ಹೆಸರು ಬರೆದು ಇರಲಿ. ಮನೆಗೆ ಒಯ್ದರೆ ಮೊಮ್ಮಕ್ಕಳ ಕೈಗೆ ಸಿಕ್ಕು ಮುರಿಯುತ್ತದೆ.